ಎರಡನೇ ಹಾಡು

ಪುರಭವನದ ಗೋಪುರದಿಂದ ‘ಪೀಂ ಪೀಂ’ ಎಂದು ಹುಟ್ಟುಹಬ್ಬದ ಹಾಡು ಶುರುವಾಯಿತು. ವಸ್ತುಪ್ರದರ್ಶನದ ಜೈಂಟ್ ವ್ಹೀಲ್ ನಿಂತಿತು. ಕೆಳಗೆ ಸಿಗ್ನಲ್ ದೀಪಗಳು ಆರಿದವು, ಕಾರಂಜಿ ಕುಸಿಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರನ್ನೆಲ್ಲ ನಡೆಸುವುದು ಒಂದೇ ಕಂಪ್ಯೂಟರು. ಹುಟ್ಟುಹಬ್ಬವೆಂದು ಯಾರು ಹೊತ್ತು ಬರೆಸಿದರೂ ಆ ಹೊತ್ತಿಗೆ ಹಾಡುತ್ತದೆ. ಹಾಡುವಾಗ ಬೇರೆ ಕೆಲಸ ಮಾಡಲು ಆ ಬಡಪಾಯಿಗೆ ಆಗುವುದಿಲ್ಲ. ಜನ ಚುರುಮುರಿ ತಿನ್ನುತ್ತ ಕಾದರು.

ನಮ್ಮ ತೊಟ್ಟಿಲು ತುತ್ತತುದಿಯಲ್ಲಿತ್ತು. ಎದುರಿಗೆ ನಮ್ಮ ಕಚೇರಿಯ ವನಮಾಲಾ. ಹೆಣ್ಣು ನೋಡಲು ನಾಳೆ ಅವಳ ಮನೆಗೆ ಯಾರೋ ಬರುವವರಿದ್ದರು. ಈ ಹಾಡು ಹೇಳಿಸಿದವನು ನಾನೇ. ನನ್ನ ಹುಟ್ಟುಹಬ್ಬ ಇನ್ನೂ ಎಷ್ಟೋ ದೂರವಿತ್ತು!

“ಅದು... ಏನಂದ್ರೆ... ನಿಮ್ಮನ್ನ...”

“ಹೇಳಿ.”

“ಇಲ್ಲಿಂದ ಊರು ಚೆನ್ನಾಗಿ ಕಾಣುತ್ತೆ, ಅಲ್ವಾ?”

ಹಾಡು ಮುಗಿದೇಹೋಯಿತು. ದೀಪಗಳು ಹತ್ತಿಕೊಂಡವು, ತೊಟ್ಟಿಲು ಕೆಳಗಿಳಿಯತೊಡಗಿತು. ಒಂದು ಮಾರು ಇಳಿದಿರಲಿಲ್ಲ, ಮತ್ತೆ ಪೀಂ ಪೀಂ! ಚಕ್ರ ಗಕ್ಕನೆ ನಿಂತಿತು.

“ಇದು ನಾನು ಹೇಳಿಸಿದ್ದಲ್ಲ!” ಎಂದುಬಿಟ್ಟೆ.

“ನಾನು ಹೇಳಿಸಿದ್ದು,” ಎಂದಳು ವನಮಾಲಾ, ನಗು ತಡೆಯಲಾರದೆ. “ನಿಮಗೆ ಒಂದು ಹಾಡು ಸಾಲಲ್ಲ ಅಂತ ಗೊತ್ತಿತ್ತು. ಹೂಂ, ಕೇಳಬೇಕಾದ್ದನ್ನ ಈಗ ಬೇಗ ಕೇಳಿ.”