ಬಾಗಿಲ ಬಳಿಯ ಬಕೆಟ್

ಐಲಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ರೇನೊ ಬಾಗಿಲ ಬಳಿಯ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಅವಳ ಬೆನ್ನ ಹಿಂದೆಯೇ ಗಾಳಿ ನುಗ್ಗಿ ಒಲೆಯ ಬೂದಿಯನ್ನು ಎಬ್ಬಿಸಿತು. ಟೋಪಿಯನ್ನೂ ತೆಗೆಯದೆ ಅವಳು ಅವನನ್ನೇ ನೋಡಿದಳು.

"ಇದೇನಯ್ಯ, ಸೋತೋರ ಜಾಗದಲ್ಲಿ ಕೂತಿದ್ದೀಯ?"

"ಒಲೆ ಹತ್ರ ನೀನು ಕೂತ್ಕೋ. ಅತಿಥಿ ಬಂದಿದ್ದೀಯ."

"ಅತಿಥಿಯಂತೆ! ಈ ಗೂಡಿಗೆ ಹಲಗೆ ಹೊಡೆಯುವಾಗ ನಿಮ್ಮಿಬ್ಬರಿಗೂ ಮೊಳೆ ಎತ್ತಿಕೊಟ್ಟಿದ್ದು ಯಾರು?"

ಹೆಪ್ಪುಗಟ್ಟಿದ ಕೊಲ್ಲಿಯ ನಡುವಿಗೆ ಆ ಮರದ ಗೂಡನ್ನು ಎಳೆದು ತಂದು, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುವುದು ಪ್ರತಿ ಫೆಬ್ರವರಿಯ ಪದ್ಧತಿ. ಮೀನು ಬರೀ ನೆಪ. ಹಿಮ ಕರಗಿದ ಮೇಲೆ ಬೈಕಿನಲ್ಲಿ ಎಲ್ಲಿಗೆ, ಎಷ್ಟು ಎಂಬುದನ್ನು ರೇನೊ ಮತ್ತು ಐಲಿಯ ಗಂಡ ತೌನೊ ಅಲ್ಲೇ ಗೊತ್ತುಮಾಡುತ್ತಿದ್ದರು. ಗೊತ್ತಾದದ್ದನ್ನು ಬಗ್ಗಿ ತೂತಿನೊಳಗೆ ಹೇಳಬೇಕು. ಹೇಳಿದ್ದನ್ನು ನೀರು ಮತ್ತೆ ಹೆಪ್ಪುಗಟ್ಟುವುದರೊಳಗೆ ಮಾಡಿ ಮುಗಿಸಬೇಕು. ಮುಗಿಸದವನಿಗೆ ಮುಂದಿನ ವರ್ಷ ಬಾಗಿಲ ಬಳಿಯ ಬಕೆಟ್ಟು. ಸಂದಿಯ ಗಾಳಿ ನೇರ ಸೊಂಟಕ್ಕೆ. ಅಲ್ಲಿ ಯಾವಾಗಲೂ ತೌನೊನೇ. ರೇನೊ ಕೈಗೆಟುಕುವಷ್ಟನ್ನೇ ಹೇಳುವವನು. ತೌನೊ ಮಾತ್ರ ಪ್ರತಿ ಸಲವೂ ಗೂಡು ಅದುರುವಂತೆ, "ಈ ವರ್ಷ ಸುಪೀರಿಯರ್ ಸರೋವರ ಒಂದು ಸುತ್ತು!" ಎಂದು ಕೂಗುತ್ತಿದ್ದ. ಬೇಸಿಗೆ ಬಂದರೆ ಒಮ್ಮೆ ಮನೆಯ ಸೂರು, ಒಮ್ಮೆ ಮಗಳ ಮದುವೆ, ಒಮ್ಮೆ ಮಂಡಿನೋವು. ಫೆಬ್ರವರಿಯಲ್ಲಿ ನಗುನಗುತ್ತ ಬಂದು ಗಾಳಿಗೆ ಸೊಂಟ ಒಡ್ಡುತ್ತಿದ್ದ. ಹೋದ ವರ್ಷ ಹಾಗೆ ಕೂಗಿ ಎದ್ದವನು ಹಿಮ ಕರಗುವುದನ್ನು ನೋಡಲಿಲ್ಲ.

"ಅಂದ್ರೆ ನೀನೂ ಮುಗಿಸಲಿಲ್ಲ," ಎಂದಳು ಐಲಿ. "ಮೊದಲ ಹಿಮ ಬೀಳೋ ತನಕ ಓಡಿಸ್ತೀನಿ ಅಂದಿದ್ದೆ ಅಲ್ವಾ? ತೌನೊ ಮನೆಗೆ ಬಂದು ಹೇಳಿದ್ದ."

ರೇನೊ ಗಾಳಕ್ಕೆ ಹುಳು ಸಿಕ್ಕಿಸಲು ಹೋದ. ಎಡಗೈಯಿಂದ ಹುಳು ಜಾರಿತು. ಎರಡನೆಯದೂ ಜಾರಿತು. ಐಲಿ ಗಾಳವನ್ನು ಕಿತ್ತುಕೊಂಡು ತಾನೇ ಸಿಕ್ಕಿಸಿ ನೀರಿಗೆ ಬಿಟ್ಟಳು.

"ಯಾವಾಗಿಂದ?"

"ಸೆಪ್ಟೆಂಬರಿಂದ. ಸೇತುವೆ ಹತ್ರ ಕೆಂಪು ದೀಪ ಬಿತ್ತು. ಕ್ಲಚ್ ಹಿಡಿದೆ ಅಂತ ನಾನು ಅಂದ್ಕೊಂಡೆ, ಬೆರಳು ಅಂದ್ಕೊಳ್ಳಲಿಲ್ಲ. ಮುಂದಿನ ಟ್ರಕ್ಕಿಗೆ ಒಂದು ಮೊಳ ಇತ್ತು, ನಿಂತೆ." ಅವನು ಆ ಕೈಯನ್ನು ಮತ್ತೆ ಗವಸಿನೊಳಗೆ ತೂರಿಸಿದ. "ನರ ಸತ್ತಿದೆಯಂತೆ. ಈ ವರ್ಷ ನಾನು ತೂತಿಗೆ ಏನೂ ಹೇಳಲ್ಲ ಐಲಿ. ಗಾಡಿ ಮಾರಿಬಿಡ್ತೀನಿ. ಮೀನು ಸಿಕ್ಕರೆ ಹಿಡ್ಕೊಂಡು ಹೋಗೋಣ."

"ಸರಿ. ಹಾಗಾದ್ರೆ ಪಕ್ಕಕ್ಕೆ ಸರಿ, ನಾನು ಹೇಳ್ತೀನಿ."

ಐಲಿ ಮಂಡಿಯೂರಿ ತೂತಿನ ಮೇಲೆ ಬಾಗಿದಳು. "ಈ ಬೇಸಿಗೆ ತೌನೊನ ಬೈಕು ಓಡಿಸೋದು ಕಲೀತೀನಿ. ಕಾಪರ್ ಹಾರ್ಬರ್ ಊರಿನ ತನಕ ಹೋಗ್ತೀನಿ." ನರಳುತ್ತ ಎದ್ದಳು. "ಸರೋವರದ ಸುತ್ತು ಆಮೇಲೆ ನೋಡೋಣ. ಅವನ ಹಾಗೆ ಬಾಯಿಬಡುಕಿ ಅಲ್ಲ ನಾನು."

"ಅರವತ್ತೆಂಟಕ್ಕೆ ಕಲೀತೀಯಾ?"

"ಎಪ್ಪತ್ತಾಗ್ಲಿ ಅಂತ ಕಾಯ್ಲಾ? ಗಾಡಿ ಚೆನ್ನಾಗೇ ಇಟ್ಟಿದ್ದೀನಿ ಕಣಯ್ಯ. ಚಳಿ ಶುರುವಾದಾಗಿಂದ ಪ್ರತಿ ಭಾನುವಾರ ಒಂದೈದು ನಿಮಿಷ ಸ್ಟಾರ್ಟ್ ಮಾಡ್ತೀನಿ."

ರೇನೊ ಹಣೆ ಹಿಡಿದುಕೊಂಡ. "ಅಯ್ಯೋ ಮಾರಾಯ್ತಿ! ಈ ಚಳೀಲಿ ಐದು ನಿಮಿಷ ಓಡಿಸಿ ನಿಲ್ಲಿಸಿದ್ರೆ ಒಳಗೆಲ್ಲ ನೀರು ಕೂರುತ್ತೆ. ಸೈಲೆನ್ಸರ್ ತುಕ್ಕು ಹಿಡಿದು ಹೋಗಿರುತ್ತೆ. ಮಲಗಿಸಿದ ಗಾಡೀನ ವಸಂತದ ತನಕ ಎಬ್ಬಿಸಬಾರದು ಅಂತ ಅವನು ನಿನಗೆ ಹೇಳಿರ್ಲಿಲ್ವ?"

"ಹೇಳಿದ್ದ."

"ಮತ್ತೆ?"

ಐಲಿ ಮಾಂಸ, ಆಲೂಗಡ್ಡೆ ತುಂಬಿದ ಕಡುಬಿನಂಥ ಪ್ಯಾಸ್ಟಿ ಸುತ್ತಿದ್ದ ಬಟ್ಟೆ ಬಿಚ್ಚಿ ಅರ್ಧ ಮುರಿದು ಅವನ ಬಲಗೈಗೆ ಕೊಟ್ಟಳು. "ಸ್ಟಾರ್ಟ್ ಮಾಡಿ ಅಡಿಗೆಮನೆಗೆ ಬಂದುಬಿಡ್ತೀನಿ. ಅಲ್ಲಿಂದ ಕೇಳಿದ್ರೆ ಅವನು ಹೊರಡ್ತಾ ಇದ್ದಾನೆ ಅನ್ಸುತ್ತೆ. ಹೊರಡೋದಕ್ಕೆ ಮುಂಚೆ ಒಂದು ಲೋಟ ಕಾಫಿ ಕುಡೀತಿದ್ದ. ಆಮೇಲೆ ಹೋಗಿ ನಿಲ್ಲಿಸಿ ಬರ್ತೀನಿ."

ರೇನೊಗೆ ಆ ಸದ್ದು ಗೊತ್ತಿತ್ತು. ಜೂನ್ ತಿಂಗಳ ಬೆಳಗ್ಗೆ ಪೈನ್ ಮರಗಳ ತಿರುವಿನಾಚೆ ಅದು ಮೊದಲು ಕೆಮ್ಮುವುದು, ಒಂದು ಬಡಿತ ತಪ್ಪುವುದು, ಮತ್ತೆ ಸರಿಹೋಗುವುದು. ಆ ತಪ್ಪಿದ ಬಡಿತ ಕೇಳಿದ ಮೇಲೆಯೇ ಅವನು ಬೂಟು ಹಾಕಿಕೊಳ್ಳಲು ಕೂರುತ್ತಿದ್ದದ್ದು. ಅದನ್ನು ಸರಿಮಾಡಿಸು ಎಂದು ತೌನೊಗೆ ಅವನು ಒಮ್ಮೆಯೂ ಹೇಳಿರಲಿಲ್ಲ.

"ಸೈಲೆನ್ಸರ್ ಬಿಚ್ಚಬೇಕಾಗುತ್ತೆ," ಎಂದ ಕೊನೆಗೆ. "ಬ್ಯಾಟರೀನೂ ನೋಡಬೇಕು. ಬಲಗೈ ನೆಟ್ಟಗಿದೆ ನನಗೆ."

"ಓಡಿಸೋದು ಕಲಿಸಕ್ಕೆ ಬಾಯಿ ಸಾಕು. ಅದರ ನರ ಏನೂ ಸತ್ತಿಲ್ವಲ್ಲ?"

"ನೀನು ಮೊದಲ ದಿನವೇ ಚರಂಡಿಗೆ ಇಳಿಸ್ತೀಯ."

"ನೀನು ಕಿರುಚದೇ ಇದ್ರೆ ಇಳಿಸಲ್ಲ."

ಅವನು ಪ್ಯಾಸ್ಟಿ ಪೂರ್ತಿ ತಿಂದ. ಆಮೇಲೆ ಬಾಗಿಲ ಬಳಿಯ ಬಕೆಟ್ಟಿನಿಂದ ಮೆಲ್ಲಗೆ ಇಳಿದು ಮಂಡಿಯೂರಿದ. ತೂತಿನ ನೀರು ಕಪ್ಪಗೆ, ಅಲುಗದೆ ಇತ್ತು. ಅದರ ಮೇಲೆ ಬಗ್ಗಿ, ಐಲಿಗೂ ಕೇಳಬಾರದೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದ: "ಈ ಬೇಸಿಗೆ ಕಾಪರ್ ಹಾರ್ಬರ್ ತನಕ. ಹಿಂದಿನ ಸೀಟಿನಲ್ಲಿ."

ಹೇಳಿ ಮುಗಿದರೂ ಮೇಲೇಳಲಿಲ್ಲ. ಮುಖ ನೀರಿನ ಕಡೆಗೇ ಇತ್ತು.

"ಹಿಂದೆ ಕೂತೋರು ಕೈ ಎಲ್ಲಿಡ್ತಾರೆ ಐಲಿ?"

"ಅದನ್ನ ನಾನು ಕಲಿಸ್ತೀನಿ," ಎಂದಳು ಐಲಿ.