ಅಕ್ಕನ ಕೋಣೆಯ ಬಾಗಿಲು

ಸರಿಯಾದ ಕಾರಣ ಹೇಳದೆ ಊರಿನ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಅದಕ್ಕೆಂದೇ ನೀಲಗಂಗವ್ವ ಅರವತ್ತೆಂಟನೇ ವಯಸ್ಸಿನಲ್ಲಿ ತಿಂಗಳಿಡೀ ತರ್ಕದ ಪಾಠಕ್ಕೆ ಹೋಗಿದ್ದಳು: ಮೊದಲು ಆಧಾರ, ಆಮೇಲೆ ತೀರ್ಮಾನ. ಆದರೂ ಆಸ್ಪತ್ರೆಯಲ್ಲಿ ಅಕ್ಕ ಮಲಗಿದ್ದ ಕೋಣೆಯ ಬಾಗಿಲು ಬೆಳಗಿನಿಂದ ಕೆಂಪು ದೀಪವನ್ನೇ ತೋರಿಸುತ್ತಿತ್ತು.

"ಅಕ್ಕ ಅವ್ವನ ಇಳಕಲ್ ಸೀರಿ ಕದ್ದಾಳ," ಎಂದು ಮತ್ತೆ ಶುರುಮಾಡಿದಳು. "ನಾ ಆಕೀನ್ನ ಕ್ಷಮಿಸಾಕ ಬಂದೀನಿ. ಕ್ಷಮಿಸಾಕ ಬಂದವರನ್ನ ತಡೀಬಾರದು. ಅದಕ್ಕ ನನ್ನ ಒಳಗ ಬಿಡು."

ಕೆಂಪು ದೀಪ ಆರಲಿಲ್ಲ.

"ತೀರ್ಮಾನ ಸರಿ ಕೂಡ್ತೈತ್ರಿ ಅಮ್ಮಾರ," ಎಂದಳು ನರ್ಸ್ ಪರ್ವೀನ್, ಮೆಲ್ಲಗೆ. "ಆಧಾರದಾಗ ಎಲ್ಲೋ ಒಂದು ಸುಳ್ಳೈತಿ ನೋಡ್ರಿ."

ಯಾವುದೆಂದು ನೀಲಗಂಗವ್ವನಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಕೈಚೀಲದಲ್ಲಿ ಬಾಳೆಹಣ್ಣಿನ ಕೆಳಗೆ ಮಡಚಿಟ್ಟಿದ್ದ ಸೀರೆಯನ್ನು ಮುಟ್ಟಿ ನೋಡಿಕೊಂಡಳು.

"ಕದ್ದವರು ತಿರುಗಿ ಕೊಡಬೇಕು. ಕದ್ದಾಕಿ ನಾನು. ಅದಕ್ಕ ನಾ ಒಳಗ ಬರಬೇಕು," ಎಂದು ಸೀರೆಯನ್ನು ಹೊರಗೆ ತೆಗೆದಳು.

ದೀಪ ಹಸಿರಾಯಿತು. ಎಲ್ಲವನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದ ಅಕ್ಕ ಮಂಚದ ಮೇಲೆ ತುಸು ಸರಿದು ಜಾಗ ಮಾಡಿದಳು.

"ಕಾರಣ ಬೇಕಾಗಿದ್ದು ಕದಕ್ಕ, ನನಗಲ್ಲ. ಬಾ, ಕುಂದ್ರು."