ಏಳೂ ಹತ್ತರ ರೈಲು

ಊರಿನ ಪುಟ್ಟ ರೈಲು ನಿಲ್ದಾಣವನ್ನು ಒಡೆದುಹಾಕುತ್ತಾರಂತೆ ಎಂಬ ಸುದ್ದಿ ಬಂದಾಗ ಟೊಂಕ ಕಟ್ಟಿ ನಿಂತವಳು ಕೆಂಪಾಜಮ್ಮ. ಏಳೂ ಹತ್ತರ ರೈಲು ತಪ್ಪಿದರೆ ಪೇಟೆಯ ಗಾರ್ಮೆಂಟ್ಸ್ ಕೆಲಸವೂ ತಪ್ಪಿದಂತೆಯೇ. ನೂರು ವರ್ಷದ ಕಟ್ಟಡ, ಉಳಿಸಿ ಎಂದು ಮನೆಮನೆ ಸುತ್ತಿ ಸಹಿ ಹಾಕಿಸಿದಳು. ಕೊನೆಗೊಂದು ಬೆಳಗ್ಗೆ ರೈಲ್ವೆ ಸಾಹೇಬರೇ ಪ್ಲಾಟ್‌ಫಾರಮ್ಮಿಗೆ ಬಂದು ಅವಳ ಕೊರಳಿಗೆ ಹಾರ ಹಾಕಿದರು.

"ಗೆದ್ದುಬಿಟ್ರಿ ಕಣಮ್ಮ! ಇದು ಈಗ ಪಾರಂಪರಿಕ ಕಟ್ಟಡ. ಒಂದು ಇಟ್ಟಿಗೇನೂ ಯಾರೂ ಮುಟ್ಟಂಗಿಲ್ಲ."

ಅಷ್ಟರಲ್ಲಿ ಏಳೂ ಹತ್ತರ ರೈಲು ಬಂತು, ನಿಲ್ಲದೆ ಹೊರಟೇಹೋಯಿತು.

"ಅಯ್ಯಯ್ಯೋ, ನಿಲ್ಲಿಸ್ಲೇ ಇಲ್ವಲ್ಲ ಸಾರ್!"

"ಹೆಂಗಮ್ಮ ನಿಲ್ಸೋದು? ಜನ ಹತ್ತಿ ಇಳಿದ್ರೆ ಹಳೇ ಕಟ್ಟಡ ಸವೆಯಲ್ವಾ?"

"ನಿಮ್ ಕಟ್ಟಡಕ್ಕೆ ಬೆಂಕಿ ಬೀಳ! ನನ್ ಕೆಲಸದ ಗತಿ ಏನ್ರೀ?" ಕೆಂಪಾಜಮ್ಮ ಹಾರ ಕಿತ್ತೆಸೆದಳು.

"ಕೂಗಾಡಬೇಡಿ. ನಿಮಗೆ ಇಲ್ಲೇ ಕೆಲಸ ಆಗಿದೆ. ಹತ್ತರಿಂದ ಐದು, ಕೂತು ಮಾಡೋದು."

ಅವಳ ಸಿಟ್ಟು ಜರ್ರನೆ ಇಳಿಯಿತು. ಎಸೆದ ಹಾರವನ್ನು ತಾನೇ ಎತ್ತಿಕೊಂಡಳು.

"ಏನ್ ಕೆಲಸ ಸಾರ್?"

"ಸ್ಟೇಷನ್ ನೋಡೋಕೆ ಟೂರಿಸ್ಟ್‌ಗಳು ಬರ್ತಾರಲ್ಲ, ಅವರೆದುರಿಗೆ ರೈಲಿಗೆ ಕಾಯ್ತಾ ಇರೋದು."